ಗೋಳಗುಮ್ಮಟದಿಂದ ಬಬಲೇಶ್ವರಕ್ಕೆ: ಆಟ ಕಟ್ಟುವವರ ದಾರಿ

ವಿಜಯಪುರ ಇನ್ನೂ ಕೆಲವು ಮೈಲಿ ದೂರವಿರುವಾಗಲೇ ಗೋಳಗುಮ್ಮಟ ಕಣ್ಣಿಗೆ ಬೀಳುತ್ತದೆ. ಸುತ್ತ ಬಯಲು ನೆಲ, ಅಡ್ಡ ಬರುವ ಗುಡ್ಡಗಳಿಲ್ಲ. ಹೀಗಾಗಿ ಹೊಸಬನಿಗೆ ದಾರಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಗುಮ್ಮಟ ಕಂಡ ದಿಕ್ಕಿಗೆ ನಡೆದರೆ ಸಾಕು. ಹತ್ತಿರ ಬಂದಂತೆ ಮೊದಲು ನಗಾರಖಾನೆ, ಅದರಲ್ಲಿರುವ ವಸ್ತು ಸಂಗ್ರಹಾಲಯ, ಆಮೇಲೆ ಸಮಾಧಿಯ ಬಾಗಿಲು. ಒಳಗೆ ಕಾಲಿಟ್ಟರೆ ಕಂಬಗಳೇ ಇಲ್ಲದ ದೊಡ್ಡ ಹಜಾರ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು ಹಿಡಿದರೆ ಕತ್ತಲು, ಸ್ವಲ್ಪ ಬೆಳಕು, ಮತ್ತೆ ಕತ್ತಲು. ಏಳು ಅಂತಸ್ತು ಏರಿ ಏದುಸಿರು ಬಿಡುತ್ತ ಹೊರಬಂದಾಗ ಇಡೀ ಊರು ಕಾಲ ಕೆಳಗೆ. ಅಲ್ಲಿಂದ ಚಿಕ್ಕ ಬಾಗಿಲೊಂದನ್ನು ದಾಟಿದರೆ ಪಿಸುಮಾತಿನ ಗ್ಯಾಲರಿ.

ಶಾಲಾ ಪ್ರವಾಸದ ಮಕ್ಕಳನ್ನು ಅಲ್ಲಿ ನಿಂತು ಗಮನಿಸಬೇಕು. ಯಾರೂ ಅವರಿಗೆ ಪಾಠ ಹೇಳಿರುವುದಿಲ್ಲ. ಮೊದಲನೆಯವನು ಚಪ್ಪಾಳೆ ತಟ್ಟುತ್ತಾನೆ. ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಎರಡನೆಯವಳು ತನ್ನ ಹೆಸರು ಕೂಗುತ್ತಾಳೆ. ಮೂರನೆಯವನು ಎದುರು ಬದಿಗೆ ಓಡಿ ಗೋಡೆಗೆ ಕಿವಿ ಹಚ್ಚುತ್ತಾನೆ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಅಷ್ಟು ದೂರದಿಂದ ಆಡಿದ ಪಿಸುಮಾತು ಕಿವಿಯಲ್ಲೇ ಹೇಳಿದಂತೆ ಕೇಳಿದಾಗ ಅವನ ಮುಖ ಅರಳುತ್ತದೆ. ಐದು ನಿಮಿಷದಲ್ಲಿ ಮಕ್ಕಳು ತಾವೇ ಒಂದು ಆಟ ಕಂಡುಹಿಡಿದು, ಅದಕ್ಕೆ ನಿಯಮ ಹಾಕಿಕೊಂಡು ಆಡತೊಡಗಿರುತ್ತಾರೆ.

ಇದು 1656ರಲ್ಲಿ ತೀರಿಕೊಂಡ ಸುಲ್ತಾನ ಮುಹಮ್ಮದ್ ಆದಿಲ್‌ಶಾಹನ ಸಮಾಧಿ, ಆಟದ ಮೈದಾನವಲ್ಲ. ಆದರೆ ಬಂದವರು ಅದನ್ನು ಹೇಗೆ ಅನುಭವಿಸುತ್ತಾರೆಂಬುದು ಕಟ್ಟಿಸಿದವರ ಕೈಯಲ್ಲಿ ಪೂರ್ತಿ ಉಳಿಯಲಿಲ್ಲ. ವಿಡಿಯೊ ಗೇಮ್ ತಯಾರಿಸುವವರು ಮೊದಲು ಕಲಿಯುವ ಪಾಠವೂ ಇದೇ. ಆಟವನ್ನು ಕಂಪ್ಯೂಟರಿನಲ್ಲಿ ಬರೆಯುವುದು ಒಂದು ಕೆಲಸ. ಅದು ಹೊಸಬನ ಕೈಗೆ ಸಿಕ್ಕಾಗ ಅವನಿಗೆ ಏನು ಅನ್ನಿಸುತ್ತದೆ, ಅವನ ಕೈ ಎಲ್ಲಿ ತಡವರಿಸುತ್ತದೆ ಎಂದು ತಿಳಿದು ತಿದ್ದುವುದು ಇನ್ನೊಂದು. ಈ ಎರಡನೆಯದನ್ನು ಬಳಕೆದಾರರ ಅನುಭವದ ವಿನ್ಯಾಸ ಎನ್ನುತ್ತಾರೆ. ಇದನ್ನು ಆಟ ಪೂರ್ತಿಯಾದ ಮೇಲಲ್ಲ, ಮೊದಲ ಕಚ್ಚಾ ಮಾದರಿ ಸಿದ್ಧವಾಗುತ್ತಿರುವಾಗಲೇ ಮಾಡಬೇಕು. ಆ ಮಾದರಿಗೆ ಪ್ರೊಟೊಟೈಪ್ ಎಂದು ಹೆಸರು.

ಇದನ್ನು ಕಲಿಯಲು ಬೆಂಗಳೂರಿಗೋ ಪುಣೆಗೋ ಓಡಬೇಕು ಎಂದು ನಮ್ಮ ಭಾಗದ ವಿದ್ಯಾರ್ಥಿಗಳು ತಿಳಿದಿದ್ದಾರೆ. ಪದವಿ ಪಡೆಯಲು ಹೋಗಬೇಕಾದೀತು. ಕಣ್ಣು ತೆರೆದುಕೊಳ್ಳಲು ಮಾತ್ರ ವಿಜಯಪುರ, ತಿಕೋಟಾ, ಬಬಲೇಶ್ವರಗಳ ಒಂದು ದಿನದ ತಿರುಗಾಟವೇ ಸಾಕು.

ನೆಲವೇ ಹೇಳುವ ಮಾತು

ಗೋಳಗುಮ್ಮಟದಿಂದ ಜುಮ್ಮಾ ಮಸೀದಿ ಹೆಚ್ಚು ದೂರವಿಲ್ಲ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಒಂದನೆಯ ಅಲಿ ಆದಿಲ್‌ಶಾಹ ಇದರ ಕೆಲಸ ಆರಂಭಿಸಿದ. ಒಳಗಿನ ಹೊಂಬಣ್ಣದ ಮಿಹ್ರಾಬ್ ನೋಡಲು ಎಲ್ಲರೂ ಹೋಗುತ್ತಾರೆ. ನೆಲವನ್ನು ನೋಡುವವರು ಕಡಿಮೆ. ಅಲ್ಲಿ ಜಮಖಾನೆಯ ಅಂಚಿನಂತೆ ಗೆರೆ ಎಳೆದು, ಒಬ್ಬೊಬ್ಬರು ನಿಂತು ಪ್ರಾರ್ಥಿಸಲು ಒಂದೊಂದು ಚೌಕಟ್ಟು ಮಾಡಿದ್ದಾರೆ. ಅಂಥವು 2,250 ಇವೆ. ಔರಂಗಜೇಬನ ಕಾಲದಲ್ಲಿ ಈ ಗುರುತುಗಳಾದವೆಂದು ಹೇಳುತ್ತಾರೆ.

ಇದರ ಜಾಣತನವನ್ನು ಸ್ವಲ್ಪ ಯೋಚಿಸಿ. ಎರಡು ಸಾವಿರಕ್ಕೂ ಹೆಚ್ಚು ಜನ ಒಮ್ಮೆಗೇ ಬಂದರೂ ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು, ಪಕ್ಕದವನಿಂದ ಎಷ್ಟು ದೂರವಿರಬೇಕು ಎಂದು ಯಾರೂ ಕೂಗಿ ಹೇಳಬೇಕಿಲ್ಲ. ಫಲಕ ಬೇಡ, ಕಾವಲುಗಾರ ಬೇಡ. ಅಕ್ಷರ ಬಾರದವನಿಗೂ ನೆಲದ ಗೆರೆ ಅರ್ಥವಾಗುತ್ತದೆ.

ವಿಡಿಯೊ ಗೇಮ್‌ಗಳ ಇತಿಹಾಸದಲ್ಲಿ ಈ ಮಾತು ಬೆಲೆ ತೆತ್ತು ಕಲಿತದ್ದು. ಅಮೆರಿಕದಲ್ಲಿ 1971ರಲ್ಲಿ ‘ಕಂಪ್ಯೂಟರ್ ಸ್ಪೇಸ್’ ಎಂಬ ಆಟದ ಯಂತ್ರ ಬಂತು. ನಾಣ್ಯ ಹಾಕಿ ಆಡುವ ಯಂತ್ರ. ಆದರೆ ಆಡುವ ಮೊದಲು ಸೂಚನೆಗಳ ದೊಡ್ಡ ಪಟ್ಟಿ ಓದಬೇಕಾಗಿತ್ತು, ಗುಂಡಿಗಳೂ ಹಲವಾರು. ಸಾಮಾನ್ಯ ಜನ ಹಿಂಜರಿದರು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ನೋಲನ್ ಬುಶ್ನೆಲ್ ಮುಂದಿನ ವರ್ಷ ಅಟಾರಿ ಕಂಪನಿ ಕಟ್ಟಿದರು. ಹೊಸದಾಗಿ ಸೇರಿದ ಎಂಜಿನಿಯರ್ ಅಲನ್ ಆಲ್ಕಾರ್ನ್‌ಗೆ ಕೈ ಪಳಗಲೆಂದು ಒಂದು ಸರಳ ಕೆಲಸ ಕೊಟ್ಟರು: ತೆರೆಯ ಮೇಲೆ ಒಂದು ಚೆಂಡು, ಎರಡು ದಾಂಡು. ಅದೇ ‘ಪಾಂಗ್’. ಚೆಂಡು ತಪ್ಪಿಸಿಕೊಳ್ಳದಿದ್ದರೆ ಹೆಚ್ಚು ಅಂಕ ಎಂಬರ್ಥದ ಒಂದೇ ಸಾಲು ಅದರ ಮುಖ್ಯ ಸೂಚನೆ. 1972ರಲ್ಲಿ ಮೊದಲ ಯಂತ್ರವನ್ನು ಕ್ಯಾಲಿಫೋರ್ನಿಯದ ಸನಿವೇಲ್ ಊರಿನ ಒಂದು ಮದ್ಯದಂಗಡಿಯಲ್ಲಿಟ್ಟು ನೋಡಿದರು. ಕೆಲವು ದಿನಗಳಲ್ಲಿ ಯಂತ್ರ ಕೆಟ್ಟಿದೆ ಎಂದು ಕರೆ ಬಂತು. ತೆರೆದು ನೋಡಿದರೆ ನಾಣ್ಯದ ಡಬ್ಬಿ ತುಂಬಿ ಉಕ್ಕಿತ್ತು! ಒಂದು ಮಾದರಿಯನ್ನು ನಿಜವಾದ ಜನರ ನಡುವೆ ಇಟ್ಟು ನೋಡಿದ್ದರ ಫಲ ಅದು.

ಜಪಾನಿನ ನಿಂಟೆಂಡೊ ಕಂಪನಿಯ ‘ಸೂಪರ್ ಮಾರಿಯೊ ಬ್ರದರ್ಸ್’ (1985) ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಟ ಶುರುವಾದಾಗ ಮಾರಿಯೊ ತೆರೆಯ ಎಡಬದಿಗೆ ನಿಂತಿರುತ್ತಾನೆ; ಬಲಗಡೆಗೆಲ್ಲ ಖಾಲಿ ಜಾಗ. ನಡೆಯಬೇಕಾದದ್ದು ಬಲಕ್ಕೆ ಎಂದು ಆ ಖಾಲಿ ಜಾಗವೇ ಹೇಳುತ್ತದೆ. ಸ್ವಲ್ಪ ಮುಂದೆ ಶತ್ರು ಎದುರಾಗುತ್ತಾನೆ. ಹಾರಲು ಬರದವನು ಸತ್ತರೂ ನಷ್ಟವಿಲ್ಲ, ಆಟ ಈಗಷ್ಟೇ ಆರಂಭವಾಗಿದೆ. ಆಮೇಲೆ ಅಣಬೆಯೊಂದು ಹೊರಬಂದು ಬಲಕ್ಕೆ ಜಾರುತ್ತದೆ, ಕೊಳವೆಗೆ ಬಡಿದು ಆಟಗಾರನ ಕಡೆಗೇ ತಿರುಗುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವ ಮೊದಲೇ ಮೈಗೆ ತಾಗಿ ಮಾರಿಯೊ ದೊಡ್ಡವನಾಗುತ್ತಾನೆ. ಒಂದು ನಿಮಿಷದೊಳಗೆ ನಾಲ್ಕು ಪಾಠ, ಒಂದು ಅಕ್ಷರದ ವಿವರಣೆಯಿಲ್ಲ.

ಅರ್ಧಕ್ಕೆ ನಿಂತ ಕಮಾನು

ಊರ ನಡುವೆಯೇ ಇರುವ ಬಾರಾಕಮಾನಿನಲ್ಲಿ ಸಂಜೆ ಹೊತ್ತು ಕೂರುವುದು ವಿಜಯಪುರದವರಿಗೆ ರೂಢಿ. 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಆದಿಲ್‌ಶಾಹನ ಸಮಾಧಿಯಿದು. ಕಟ್ಟಡ ಪೂರ್ತಿಯಾಗಲಿಲ್ಲ. ಗಾರೆಯಿಲ್ಲ, ಗುಮ್ಮಟವಿಲ್ಲ, ಕಪ್ಪು ಕಲ್ಲಿನ ಕಮಾನುಗಳು ಆಕಾಶಕ್ಕೆ ಬರಿಮೈಯಾಗಿ ನಿಂತಿವೆ. ಗೋಳಗುಮ್ಮಟದಲ್ಲಿ ಗಾರೆಯ ಹಿಂದೆ ಅಡಗಿರುವ ಎಲುಬು ಇಲ್ಲಿ ಬಯಲಿನಲ್ಲಿದೆ. ಕಮಾನು ಭಾರವನ್ನು ಹೇಗೆ ಕೆಳಗಿಳಿಸುತ್ತದೆ ಎಂದು ನೋಡಬೇಕಾದ ಎಂಜಿನಿಯರಿಂಗ್ ವಿದ್ಯಾರ್ಥಿ ಮೊದಲು ಬರಬೇಕಾದದ್ದು ಇಲ್ಲಿಗೇ.

ಆಟ ಕಟ್ಟುವ ಕಂಪನಿಗಳಲ್ಲಿಯೂ ಒಂದು ಪದ್ಧತಿಯಿದೆ. ಅರಮನೆ, ಕಾಡು, ಪೇಟೆ ಏನೇ ಇರಲಿ, ಮೊದಲು ಬಣ್ಣವಿಲ್ಲದ ಬೂದು ಪೆಟ್ಟಿಗೆಗಳಿಂದ ಜೋಡಿಸುತ್ತಾರೆ. ಆಟಗಾರ ಅದರಲ್ಲಿ ಓಡಾಡಿ ನೋಡಬೇಕು. ಬಾಗಿಲು ಕಾಣುತ್ತದೆಯೇ, ಜಿಗಿತಕ್ಕೆ ದೂರ ಸರಿಯಾಗಿದೆಯೇ, ದಾರಿ ತಪ್ಪುತ್ತದೆಯೇ? ಇದೆಲ್ಲ ಸರಿಹೋದ ಮೇಲೆಯೇ ಬಣ್ಣ, ಬೆಳಕು, ಅಲಂಕಾರ. ಚಿತ್ರಕಾರರು ಒಂದು ತಿಂಗಳು ಕೂತು ಬಿಡಿಸಿದ ಬಾಗಿಲನ್ನು ‘ಇದು ಇಲ್ಲಿ ಬೇಡ’ ಎಂದು ಕಿತ್ತುಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಬೂದು ಪೆಟ್ಟಿಗೆಯನ್ನು ಸರಿಸಲು ಅರ್ಧ ನಿಮಿಷ ಸಾಕು.

ಆದರೆ ಬಾರಾಕಮಾನನ್ನು ಪ್ರೊಟೊಟೈಪ್ ಎನ್ನಲಾಗದು. ಅದು ಅರ್ಧಕ್ಕೆ ನಿಂತ ಕಟ್ಟಡ. ಪ್ರೊಟೊಟೈಪ್ ಎಂದರೆ ಒಡೆಯುವುದಕ್ಕೆಂದೇ ಅಗ್ಗದಲ್ಲಿ ಮಾಡಿದ ಮಾದರಿ. ಈ ವ್ಯತ್ಯಾಸ ಊರ ಪಶ್ಚಿಮಕ್ಕೆ ಹೊರಟರೆ ಇನ್ನೂ ಸ್ಪಷ್ಟವಾಗುತ್ತದೆ.

ತೊರವಿಯ ಹಾದಿ

ತಿಕೋಟಾ ರಸ್ತೆಯಲ್ಲಿ ಐದಾರು ಕಿ.ಮೀ. ಹೋದರೆ ತೊರವಿ. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಊರು, ನರಸಿಂಹನ ಕ್ಷೇತ್ರ ಎಂದು ಕನ್ನಡ ವಿದ್ಯಾರ್ಥಿಗಳಿಗೆ ಗೊತ್ತು. ಇದೇ ನೆಲದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರವೆಂಬ ಹೊಸ ರಾಜಧಾನಿ ಕಟ್ಟಲು ಹೊರಟ. ‘ಕಿತಾಬ್-ಎ-ನವರಸ್’ ಬರೆದ ಸಂಗೀತಪ್ರೇಮಿ ಅರಸ. ಊರಿಗೂ ಒಂಬತ್ತು ರಸಗಳ ಹೆಸರನ್ನೇ ಇಟ್ಟ. ಒಮ್ಮೆಗೇ ಇಡೀ ನಗರ ಎದ್ದು ನಿಲ್ಲಬೇಕೆಂಬ ಹಂಬಲ. ಆದರೆ ಊರು ಪೂರ್ಣವಾಗಲಿಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ದಾಳಿ ಮಾಡಿ ಹಾಳುಗೆಡವಿದ. ಸಂಗೀತ ಮಹಲಿನ ಎತ್ತರದ ಕಮಾನು, ಅಲ್ಲಲ್ಲಿ ಗೋಡೆ ಉಳಿದಿವೆ.

ಯುದ್ಧದಿಂದ ಹಾಳಾದ ಊರಿನ ಮೇಲೆ ಆಟದ ಪಾಠವನ್ನು ಹೇರುವುದು ಸರಿಯಲ್ಲ. ಆದರೂ ಹೊಲಗಳ ನಡುವೆ ನಿಂತ ಆ ಕಮಾನನ್ನು ನೋಡುವಾಗ, ಮೊದಲ ವರ್ಷದಲ್ಲೇ ಐವತ್ತು ಹಂತಗಳ ಮಹಾ ಆಟವೊಂದನ್ನು ಮಾಡಲು ಹೊರಟು, ಎರಡನೆಯ ಹಂತಕ್ಕೆ ಕೈಚೆಲ್ಲುವ ಹುಡುಗರ ನೆನಪು ಬರುತ್ತದೆ. ಅವರಿಗೆ ಹೇಳಬೇಕಾದ ಮಾತು: ಊರು ಆಮೇಲೆ, ಮೊದಲು ಒಂದು ಓಣಿ ಕಟ್ಟಿ, ಅದರಲ್ಲಿ ನಾಲ್ಕು ಜನ ನಡೆದಾಡಲಿ.

ತೊರವಿಯಲ್ಲಿ ಪೂರ್ಣವಾದ ಕೆಲಸವೂ ಒಂದಿದೆ. ಅದು ನೆಲದೊಳಗಿರುವುದರಿಂದ ಪ್ರವಾಸಿಗರಿಗೆ ಕಾಣುವುದಿಲ್ಲ. ಸುರಂಗ ಬಾವಡಿಯಿಂದ ಆದಿಲ್‌ಶಾಹಿ ನಗರಕ್ಕೆ ನೆಲದಡಿಯ ಸುರಂಗದಲ್ಲಿ ನೀರು ಹರಿಯುತ್ತಿತ್ತು. ನಗರದೊಳಗೆ ಮಣ್ಣಿನ ಕೊಳವೆಗಳಲ್ಲಿ ಸಾಗುವ ನೀರಿಗೆ ಅಲ್ಲಲ್ಲಿ ಗಂಜ್ ಎಂಬ ಎತ್ತರದ ಗೋಪುರಗಳನ್ನು ಕಟ್ಟಿದ್ದರು. ನೀರು ಗೋಪುರವೇರಿ ಇಳಿಯುವಾಗ ಅದರ ಒತ್ತಡ ತಗ್ಗುತ್ತಿತ್ತು, ಕೆಸರು ಕೆಳಗೆ ತಂಗುತ್ತಿತ್ತು. ಗಂಜ್ ಇಲ್ಲದಿದ್ದರೆ ಕೊಳವೆ ಒಡೆಯುತ್ತಿತ್ತು.

ಒಳ್ಳೆಯ ಆಟದಲ್ಲಿಯೂ ಇಂಥ ಗಂಜ್‌ಗಳಿರುತ್ತವೆ. ಒಂದಾದ ಮೇಲೊಂದು ಕಷ್ಟ ಒಡ್ಡುತ್ತ ಹೋದರೆ ಆಟಗಾರ ಬೇಸತ್ತು ಬಿಡುತ್ತಾನೆ. ಒಂದು ದೊಡ್ಡ ಗಂಡಾಂತರ ದಾಟಿದ ಮೇಲೆ ಸ್ವಲ್ಪ ಸಮತಟ್ಟು ದಾರಿ, ಉಸಿರಾಡಲು ಬಿಡುವು, ಗಳಿಸಿದ್ದನ್ನು ಎಣಿಸಿಕೊಳ್ಳಲು ಸಮಯ ಕೊಡಬೇಕು. ಇದನ್ನು ಲೆಕ್ಕ ಹಾಕಿ ಕಾಗದದ ಮೇಲೆ ನಿರ್ಧರಿಸಲು ಬರುವುದಿಲ್ಲ. ಆಡುವವರ ಮುಖ ನೋಡಿಯೇ ತಿಳಿಯಬೇಕು.

ತಿಕೋಟಾದ ಒಣದ್ರಾಕ್ಷಿ ಆಟ

ವಿಜಯಪುರದಿಂದ ತಿಕೋಟಾ ಸುಮಾರು 20 ಕಿ.ಮೀ. ಈಚಿನ ವರ್ಷಗಳಲ್ಲಿ ತಾಲೂಕು ಕೇಂದ್ರವಾಗಿರುವ ಊರು. ಬೇಸಿಗೆಯ ಮೊದಲಿಗೆ ಈ ಕಡೆ ಬಂದರೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ತೋಟ, ನಡುನಡುವೆ ಒಣದ್ರಾಕ್ಷಿಯ ಶೆಡ್ಡು. ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಯ ಮೇಲೆ ಹಸಿರು ದ್ರಾಕ್ಷಿ ಹರಡಿ ಎರಡು ಮೂರು ವಾರ ಒಣಗಿಸುತ್ತಾರೆ. ಆ ದಿನಗಳಲ್ಲಿ ರೈತನ ಕಣ್ಣು ಆಕಾಶದ ಮೇಲೆ. ಅಕಾಲದ ಒಂದು ಮಳೆ ಬಂದರೆ ವರ್ಷದ ದುಡಿಮೆ ಕೊಳೆಯುತ್ತದೆ. ಹಸಿಯಾಗಿಯೇ ಮಾರಿಬಿಡಲೇ, ಒಣಗಿಸಿ ಹೆಚ್ಚು ಬೆಲೆಗೆ ಕಾಯಲೇ? ಪ್ರತಿ ಮನೆಯಲ್ಲೂ ಈ ಮಾತು ನಡೆಯುತ್ತದೆ.

ಆಟ ಕಟ್ಟುವವನಿಗೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಕ್ಕೀತು? ಕಂಪ್ಯೂಟರ್ ಬೇಡ. ಒಂದು ರಟ್ಟು, ಸೀಮೆಸುಣ್ಣ, ಒಂದು ಮುಷ್ಟಿ ಹುಣಸೆಬೀಜ ಸಾಕು. ನಾಲ್ಕು ಬೀಜಗಳನ್ನು ಒಂದು ಬದಿ ಉಜ್ಜಿ ಬಿಳಿ ಮಾಡಿ, ಅವೇ ದಾಳ. ಪ್ರತಿ ಸುತ್ತಿಗೆ ಒಮ್ಮೆ ಎಲ್ಲರ ಪರವಾಗಿ ಬೀಜ ಎಸೆಯಬೇಕು. ಅದು ಆ ಸುತ್ತಿನ ಹವಾಮಾನ. ನಾಲ್ಕೂ ಕಪ್ಪಾದರೆ ಮಳೆ. ಆಟಗಾರನ ಬಳಿ ಒಂದು ಬುಟ್ಟಿ ದ್ರಾಕ್ಷಿಯಿದೆ. ಈಗಲೇ ಮಾರಿದರೆ 2 ಬೀಜ. ಬಲೆಗೆ ಹಾಕಿ ಮೂರು ಸುತ್ತು ಕಾದರೆ 4 ಬೀಜ. ನಡುವೆ ಮಳೆ ಬಂದರೆ ಸೊನ್ನೆ.

ಆಡಿ ನೋಡಿ. ಅರ್ಧ ಗಂಟೆಯಲ್ಲಿ ಬೇಸರ ಬರುತ್ತದೆ. ಯಾಕೆ? ಎರಡೂ ಬದಿ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ ನಾಲ್ಕೂ ಕಪ್ಪಾಗುವುದು 16ರಲ್ಲಿ ಒಮ್ಮೆ. ಮೂರು ಸುತ್ತು ಮಳೆಯಿಲ್ಲದೆ ಕಳೆಯುವ ಸಂಭವ ನೂರಕ್ಕೆ ಸುಮಾರು 82. ಅಂದರೆ ಒಣಗಿಸಿದ ಬುಟ್ಟಿಯ ಸರಾಸರಿ ಬೆಲೆ 3.3 ಬೀಜ, ಹಸಿಯದು ಬರೀ 2. ಹೀಗಾಗಿ ಎಲ್ಲರೂ ಯಾವಾಗಲೂ ಒಣಗಿಸುತ್ತಾರೆ. ಯೋಚಿಸುವಂಥದ್ದೇನೂ ಉಳಿಯುವುದಿಲ್ಲ.

ಈಗ ಎರಡು ಬದಲಾವಣೆ ಮಾಡಿ. ನಾಲ್ಕೂ ಕಪ್ಪಾದರೂ ಮಳೆ, ನಾಲ್ಕೂ ಬಿಳಿಯಾದರೂ ಮಳೆ. ಒಣದ್ರಾಕ್ಷಿಯ ಬೆಲೆ 4ರ ಬದಲು 3. ಮಳೆಯ ಸಂಭವ 8ರಲ್ಲಿ ಒಂದಾಯಿತು. ಮೂರು ಸುತ್ತು ಪಾರಾಗುವುದು ನೂರಕ್ಕೆ ಸುಮಾರು 67. ಸರಾಸರಿ ಬೆಲೆ ಹೆಚ್ಚುಕಡಿಮೆ 2. ಹಸಿ, ಒಣ ಎರಡೂ ಸಮ ತೂಗಿದವು. ಆಟಕ್ಕೆ ತಟ್ಟನೆ ಜೀವ ಬಂತು. ಮುಂದಿರುವವನು ಮಾರಿ ಸುಮ್ಮನಾಗುತ್ತಾನೆ. ಹಿಂದೆ ಬಿದ್ದವನು ಧೈರ್ಯ ಮಾಡಿ ಬಲೆಗೆ ಹಾಕುತ್ತಾನೆ. ಪ್ರತಿ ಎಸೆತಕ್ಕೂ ಎಲ್ಲರ ಉಸಿರು ಬಿಗಿಯಾಗುತ್ತದೆ. ಎರಡು ಅಂಕಿ ಬದಲಾಯಿಸಿದ್ದಕ್ಕೆ ಇಷ್ಟು. ಎಸ್ಸೆಸ್ಸೆಲ್ಸಿಯ ಸಂಭವನೀಯತೆಯ ಅಧ್ಯಾಯ ಯಾವುದಕ್ಕೆ ಬೇಕು ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಆಯಿಯ ಪ್ರಶ್ನೆ

ಲೆಕ್ಕ ಸರಿಯಾಯಿತೆಂದರೆ ಆಟ ಸರಿಯಾಯಿತೆಂದಲ್ಲ. ಇನ್ನು ಅದನ್ನು ಏನೂ ಗೊತ್ತಿಲ್ಲದವರ ಮುಂದೆ ಇಡಬೇಕು. ಮನೆಯಲ್ಲಿ ಆಯಿ ಇದ್ದರೆ ಅವರೇ ಒಳ್ಳೆಯ ಪರೀಕ್ಷಕರು. ಮೊಮ್ಮಗಳು ಹೇಳಬೇಕಾದದ್ದು ಇಷ್ಟೇ: ‘ಆಯಿ, ನೀ ಆಡು. ನಾ ಸುಮ್ನ ನೋಡ್ತೀನಿ.’ ಆಮೇಲೆ ಬಾಯಿ ಮುಚ್ಚಿ ಕೂರಬೇಕು. ಇದು ಹೇಳಿದಷ್ಟು ಸುಲಭವಲ್ಲ. ತಾನು ಮಾಡಿದ ಆಟವನ್ನು ಇನ್ನೊಬ್ಬರು ತಪ್ಪು ಆಡುವಾಗ ‘ಹಂಗಲ್ಲ, ಹಿಂಗ’ ಎಂದು ಕೈ ಹಾಕುವ ಚಪಲ ಎಲ್ಲರಿಗೂ ಇರುತ್ತದೆ. ಆದರೆ ನಾಳೆ ಸಾವಿರ ಜನ ಆಡುವಾಗ ಸಾವಿರ ಮನೆಗೂ ಹೋಗಿ ಪಕ್ಕದಲ್ಲಿ ಕೂತು ಹೇಳಿಕೊಡಲು ಆಗುತ್ತದೆಯೇ?

ಆಯಿ ದ್ರಾಕ್ಷಿ ಬಲೆಗೆ ಹಾಕಿದರು ಎನ್ನಿ. ಎರಡನೆಯ ಎಸೆತಕ್ಕೆ ಮಳೆ ಬಂತು. ಬೀಜ ಹೋಯಿತು. ಅವರು ಕೇಳಿಯೇ ಕೇಳುತ್ತಾರೆ: ‘ಯಾಕವಾ, ಮಳಿ ಬಂದ್ರ ತಾಡಪತ್ರಿ ಹೊಚ್ಚಾಕ ಬರೂದಿಲ್ಲೇನು?’

ಈ ಒಂದು ಪ್ರಶ್ನೆ ಬೆಲೆಬಾಳುವಂಥದ್ದು. ಆಯಿಗೆ ಆಟದ ನಿಯಮ ಗೊತ್ತಿಲ್ಲ, ದ್ರಾಕ್ಷಿಯ ಬದುಕು ಗೊತ್ತು. ತನ್ನ ಬದುಕಿನಲ್ಲಿ ಆಗುವುದು ಆಟದಲ್ಲಿಯೂ ಆಗಬೇಕೆಂದು ಅವರು ನಿರೀಕ್ಷಿಸುತ್ತಾರೆ. ಆಟಗಾರ ಹೊರಗಿನಿಂದ ಹೊತ್ತು ತರುವ ಇಂಥ ತಿಳಿವಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಅನುಭವದ ವಿನ್ಯಾಸದ ಹೃದಯ. ಸರಿ, ತಾಡಪತ್ರಿ ಸೇರಿಸೋಣ; ಬೆಲೆ 1 ಬೀಜ ಎಂದಿಡೋಣ. ಒಂದು ಸಲಕ್ಕೆ ಮಾತ್ರ ಬರುತ್ತದೆಂದರೆ 3ರಲ್ಲಿ 1 ಕಳೆದು ಉಳಿಯುವುದು 2; ಹಸಿ ಮಾರಿದರೂ ಅಷ್ಟೇ, ಯಾರೂ ಕೊಳ್ಳುವುದಿಲ್ಲ. ಎಲ್ಲ ಬಲೆಗೂ ಯಾವಾಗಲೂ ಬರುತ್ತದೆಂದರೆ ಎಲ್ಲರೂ ಕೊಂಡು ಮಳೆಯ ಭಯವೇ ಹೋಗುತ್ತದೆ. ಮೂರು ಬಲೆಗಳಲ್ಲಿ ಒಂದನ್ನು ಮಾತ್ರ ಮುಚ್ಚಬಹುದು ಎಂದರೆ? ಯಾವುದನ್ನು ಉಳಿಸಿಕೊಳ್ಳಲಿ ಎಂಬ ಹೊಸ ಯೋಚನೆ ಹುಟ್ಟಿತು. ಮತ್ತೆ ಆಡಿ, ಮತ್ತೆ ನೋಡಿ. ಐದಾರು ಜನ ಆಡುವ ಹೊತ್ತಿಗೆ, ಎಲ್ಲರೂ ಎಡವಿದ ಜಾಗ ಯಾವುದೆಂದು ತಾನಾಗಿಯೇ ಎದ್ದು ಕಾಣುತ್ತದೆ.

ದೊಡ್ಡವರ ಆಟಗಳೂ ಹೀಗೆಯೇ ಬೆಳೆದವು. ಜೋರ್ಡನ್ ಮೆಕ್ನರ್ ಎಂಬ ತರುಣ 1985ರಲ್ಲಿ ತನ್ನ ತಮ್ಮ ಓಡುವುದನ್ನು, ಜಿಗಿಯುವುದನ್ನು ವಿಡಿಯೊ ತೆಗೆದು, ಆ ಚಲನೆಯನ್ನೇ ಬಿಡಿಸಿ ‘ಪ್ರಿನ್ಸ್ ಆಫ್ ಪರ್ಷಿಯ’ ಕಟ್ಟತೊಡಗಿದ. ಅವನ ಮೊದಲ ಯೋಜನೆಯಲ್ಲಿ ಕತ್ತಿವರಸೆ ಇರಲಿಲ್ಲ. ಆಟ ನೋಡಿದ ಗೆಳತಿಯೊಬ್ಬಳು ಇದರಲ್ಲಿ ಕಾದಾಟ ಬೇಕೇ ಬೇಕು ಎಂದು ಪಟ್ಟು ಹಿಡಿದಳು. ಆದರೆ ಆ ಕಾಲದ ಆಪಲ್ ಕಂಪ್ಯೂಟರಿನಲ್ಲಿ ಇನ್ನೊಂದು ಪಾತ್ರಕ್ಕೆ ಜಾಗವೇ ಇರಲಿಲ್ಲ. ಕೊನೆಗೆ ಅವನು ರಾಜಕುಮಾರನ ಚಿತ್ರಗಳನ್ನೇ ಬೇರೆ ರೀತಿ ತೋರಿಸಿ ‘ನೆರಳು ಮನುಷ್ಯ’ನನ್ನು ಸೃಷ್ಟಿಸಿದ. 1989ರಲ್ಲಿ ಆಟ ಹೊರಬಂದಾಗ ಜನರ ಮನಸ್ಸಿನಲ್ಲಿ ಉಳಿದ ಪಾತ್ರಗಳಲ್ಲಿ ಅದೂ ಒಂದು. ನೋಡುವವಳೊಬ್ಬಳ ಮಾತು ಕೇಳದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ಬಬಲೇಶ್ವರದ ಕಟ್ಟೆ

ತಿಕೋಟಾದಿಂದ ಆಗ್ನೇಯಕ್ಕೆ ತಿರುಗಿದರೆ ಡೋಣಿ ನದಿಯ ಸೀಮೆ, ಅದನ್ನು ದಾಟಿ ಬಬಲೇಶ್ವರ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆಯ ನಾಡಿದು. ಕರಿ ಎರೆ ನೆಲ, ಬಿಳಿಜೋಳ. ಬಬಲೇಶ್ವರದ ಬೃಹನ್ಮಠ ಹೆಸರಾದದ್ದು. ಹತ್ತಿರದ ಮಮದಾಪುರದಲ್ಲಿ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯಿದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಈ ಕಡೆಗೆ ಕೃಷ್ಣೆಯ ನೀರೂ ಬಂದಿದೆ.

ನಮ್ಮ ಊರುಗಳ ಕಟ್ಟೆಗಳ ಮೇಲೆ ಸೀಮೆಸುಣ್ಣದಲ್ಲೋ ಕಲ್ಲಿನಲ್ಲಿ ಕೊರೆದೋ ಮಾಡಿದ ಆಟದ ಮನೆಗಳು ಕಾಣುವುದು ಹೊಸದೇನಲ್ಲ. ಚೌಕಾಬಾರಾ ತೆಗೆದುಕೊಳ್ಳಿ. ಐದೈದರ 25 ಮನೆ, ನಾಲ್ಕು ಕವಡೆ. ನಾಲ್ಕೂ ಮೇಲ್ಮುಖವಾದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು, ಜೊತೆಗೆ ಮತ್ತೊಮ್ಮೆ ಎಸೆಯುವ ಅವಕಾಶ. ಗೀಟು ಹಾಕಿದ ಕಟ್ಟೆಯ ಮನೆಯಲ್ಲಿ ಕಾಯಿ ಕಡಿಯುವಂತಿಲ್ಲ. ಆ ಗೀಟು ಜುಮ್ಮಾ ಮಸೀದಿಯ ನೆಲದ ಗೆರೆಯಂತೆಯೇ ಮಾತಿಲ್ಲದೆ ಹೇಳುತ್ತದೆ: ಇಲ್ಲಿ ನೀನು ಕ್ಷೇಮ. ಒಂದಾದರೂ ಎದುರಾಳಿ ಕಾಯಿಯನ್ನು ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬ ಕಟ್ಟಳೆ, ಹೆದರಿ ಮೂಲೆ ಹಿಡಿಯುವವನನ್ನೂ ನಡುವಿಗೆ ಎಳೆಯುತ್ತದೆ. ಹುಲಿ-ಕುರಿ ಆಟದಲ್ಲಿ ಇಬ್ಬರ ಬಲವೂ ಬೇರೆ. ಒಂದು ಬಗೆಯಲ್ಲಿ ಮೂರು ಹುಲಿ, ಹದಿನೈದು ಕುರಿ. ಆದರೂ ಗೆಲುವು ಯಾರ ಕಡೆಗಾದರೂ ವಾಲಬಹುದು. ಇಂಥ ಸಮತೋಲ ಒಬ್ಬರ ತಲೆಯಿಂದ ಒಂದೇ ದಿನ ಬಂದದ್ದಲ್ಲ. ತಲೆತಲಾಂತರ ಜನ ಆಡಿ, ಜಗಳವಾಡಿ, ತಿದ್ದಿದ್ದು.

ಕನ್ನಡ ನಾಡಿನಲ್ಲಿ ಆಟಗಳನ್ನು ರೂಪಿಸುವುದನ್ನೇ ವಿದ್ಯೆಯೆಂದು ಕೈಗೊಂಡ ಅರಸರೂ ಇದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲವಾರು ಹಲಗೆಯಾಟಗಳನ್ನು ರಚಿಸಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಸಮಸ್ಯೆಗೆ ಪರಿಹಾರಗಳನ್ನು ಕಂಡರು. ಗಂಜೀಫಾ ಎಲೆಗಳಿಗೆ ಹೊಸ ಬಗೆಗಳನ್ನು ಸೇರಿಸಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯ ಕೌತುಕನಿಧಿ ಆಟಗಳಿಗೇ ಮೀಸಲು. ಆಟವೆಂದರೆ ಕೆಲಸವಿಲ್ಲದವರ ಚಟ ಎಂಬ ಮಾತಿಗೆ ಆ ಗ್ರಂಥ ಒಂದು ಉತ್ತರ.

ತಾಯಿ ತಂದೆಯರಿಗೆ ಎರಡು ಮಾತು

‘ಹುಡುಗ ದಿನವಿಡೀ ಮೊಬೈಲ್ ಹಿಡಿದು ಆಟ ಆಡುತ್ತಾನೆ, ಅದರಲ್ಲೇ ಏನಾದರೂ ಆದಾನೇ?’ ಎಂದು ಪಾಲಕರು ಕೇಳುವುದುಂಟು. ಹೆಚ್ಚು ಆಡುವುದಕ್ಕೂ ಆಟ ಕಟ್ಟುವುದಕ್ಕೂ ಅಷ್ಟೊಂದು ಸಂಬಂಧವಿಲ್ಲ. ದಿನಾಲೂ ಜೋಳದ ರೊಟ್ಟಿ ತಿನ್ನುವವನಿಗೆಲ್ಲ ರೊಟ್ಟಿ ತಟ್ಟಲು ಬರುತ್ತದೆಯೇ? ಅವನಿಗೆ ಒಂದು ರಟ್ಟು, ಬೀಜ ಕೊಟ್ಟು ನೋಡಿ. ತಾನು ಮಾಡಿದ ಆಟವನ್ನು ತಂಗಿ ಆಡುವಾಗ ಸುಮ್ಮನೆ ಕೂತು ನೋಡಬಲ್ಲನೇ? ‘ಚೆನ್ನಾಗಿಲ್ಲ’ ಎಂದರೆ ಮುನಿಸಿಕೊಳ್ಳದೆ ಯಾಕೆಂದು ಕೇಳಬಲ್ಲನೇ? ಮೂರನೆಯ ಸಲ ನಿಯಮ ಬದಲಾಯಿಸಲು ಅವನಿಗೆ ತಾಳ್ಮೆ ಇದೆಯೇ? ಇದ್ದರೆ ಈ ವಿದ್ಯೆ ಅವನಿಗೆ ಹತ್ತಬಹುದು.

ಎರಡನೆಯ ಮಾತು ಹೆಚ್ಚು ಗಂಭೀರವಾದದ್ದು. ಮನುಷ್ಯನ ಕೈ ಎಲ್ಲಿಗೆ ಹೋಗುತ್ತದೆ, ಮನಸ್ಸು ಎಲ್ಲಿ ಸೋಲುತ್ತದೆ ಎಂದು ತಿಳಿದವನು ಆ ಜ್ಞಾನದಿಂದ ದಾರಿ ತೋರಿಸಬಹುದು, ಬಲೆಯನ್ನೂ ಹೆಣೆಯಬಹುದು. ‘ಇನ್ನು ಐದೇ ನಿಮಿಷ, ಈಗಲೇ ಕೊಳ್ಳಿ’ ಎಂಬ ಸುಳ್ಳು ಅವಸರ, ಹೊರಬರುವ ಗುಂಡಿಯನ್ನು ಅಡಗಿಸಿಡುವುದು, ಒಮ್ಮೆ ಚಂದಾದಾರನಾದವನು ಬಿಡಿಸಿಕೊಳ್ಳಲಾಗದಂತೆ ಮಾಡುವುದು ಇವೂ ವಿನ್ಯಾಸಗಳೇ. ಗ್ರಾಹಕರನ್ನು ವಂಚಿಸುವ ಇಂಥ 13 ಬಗೆಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿ ತಡೆದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಸಂಸತ್ತು 2025ರಲ್ಲಿ ಕಾಯಿದೆ ಮಾಡಿತು. ಮಗು ಆಡುವ ಆಟವನ್ನು ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಗೋಳಗುಮ್ಮಟದ ಮೆಟ್ಟಿಲಿನಂತೆ ಅದು ಏರಿಸಿ, ತೋರಿಸಿ, ಮರಳಿ ಇಳಿಸಿ ಮನೆಗೆ ಕಳಿಸುತ್ತದೆಯೇ? ಅಥವಾ ಇಳಿಯುವ ದಾರಿಯನ್ನೇ ಮುಚ್ಚಿಬಿಟ್ಟಿದೆಯೇ? ಒಳ್ಳೆಯ ಆಟಕ್ಕೂ ಕೆಟ್ಟ ಆಟಕ್ಕೂ ಇರುವ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಓದಿಗೆ ಅವಕಾಶಗಳು ಇಲ್ಲದಿಲ್ಲ. ಅನಿಮೇಷನ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆಂದು ಕರ್ನಾಟಕ ಸರಕಾರ 2012ರಲ್ಲಿಯೇ ನೀತಿ ರೂಪಿಸಿತು. 2024ರಲ್ಲಿ ಅದರ ಹೊಸ ಆವೃತ್ತಿ ಬಂದಿದೆ. ವಿನ್ಯಾಸದ ಪದವಿಗೆ ಪಿಯುಸಿ ನಂತರ ಐಐಟಿ ಮುಂಬಯಿ ನಡೆಸುವ ಯೂಸೀಡ್ ಪರೀಕ್ಷೆ ಬರೆಯಬಹುದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬೆಂಗಳೂರಿನಲ್ಲೂ ಆವರಣವಿದ್ದು, ಆಟಗಳ ವಿನ್ಯಾಸದಲ್ಲಿ ಸ್ನಾತಕೋತ್ತರ ಶಿಕ್ಷಣವನ್ನು ಆ ಸಂಸ್ಥೆ ನೀಡುತ್ತದೆ. ಚಿಕ್ಕ ಮಕ್ಕಳು ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ, ಉಚಿತವಾಗಿ ಸಿಗುವ ‘ಸ್ಕ್ರ್ಯಾಚ್’ನಲ್ಲಿ ತಮ್ಮ ರಟ್ಟಿನ ಆಟವನ್ನು ತೆರೆಗೆ ತರಲು ಪ್ರಯತ್ನಿಸಬಹುದು. ಆದರೆ ರಟ್ಟಿನ ಮೇಲೆ ಬೇಸರ ತಂದ ಆಟ ತೆರೆಯ ಮೇಲೆ ಹೋದರೂ ಬೇಸರವನ್ನೇ ತರುತ್ತದೆ.

ಹೋಗುವುದು ಹೇಗೆ?

ವಿಜಯಪುರಕ್ಕೆ ಸೊಲ್ಲಾಪುರ, ಗದಗ ಎರಡೂ ಕಡೆಯಿಂದ ರೈಲಿದೆ. ಗೋಳಗುಮ್ಮಟ ನಿಲ್ದಾಣಕ್ಕೆ ಹತ್ತಿರ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹವೆ ಹಿತಕರ. ಪಿಸುಮಾತು ಕೇಳಬೇಕಾದರೆ ಜನ ಸೇರುವ ಮೊದಲು, ಬೆಳಿಗ್ಗೆ ಬೇಗ ಹತ್ತಬೇಕು. ನೂರು ಮಕ್ಕಳು ಕೂಗತೊಡಗಿದ ಮೇಲೆ ಯಾರ ಮಾತೂ ಯಾರಿಗೂ ಕೇಳಿಸದು. ಜುಮ್ಮಾ ಮಸೀದಿಯಲ್ಲಿ ಪ್ರಾರ್ಥನೆಯ ಸಮಯ ಬಿಟ್ಟು, ಪಾದರಕ್ಷೆ ಕಳಚಿ ಹೋಗಿ. ಮಧ್ಯಾಹ್ನ ತೊರವಿ ನೋಡಿಕೊಂಡು ತಿಕೋಟಾ, ಅಲ್ಲಿಂದ ಬಬಲೇಶ್ವರಕ್ಕೆ ಹೋಗಿ ಸಂಜೆ ಸಾರವಾಡದ ಮೇಲೆ ವಿಜಯಪುರಕ್ಕೆ ಮರಳಬಹುದು. ಒಣದ್ರಾಕ್ಷಿ ಶೆಡ್ಡು ನೋಡಬೇಕೆಂದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೋಗಿ, ತೋಟದ ಮಾಲಿಕರನ್ನು ಕೇಳಿ ಒಳಗೆ ಕಾಲಿಡಿ. ಮಕ್ಕಳ ಕೈಯಲ್ಲಿ ಒಂದು ನೋಟುಬುಕ್ಕು, ಪೆನ್ಸಿಲ್ ಇರಲಿ. ಪ್ರತಿ ಸ್ಥಳದಲ್ಲೂ ಬಂದವರು ಮೊದಲು ಎಲ್ಲಿ ನೋಡಿದರು, ಎಲ್ಲಿ ದಾರಿ ತಪ್ಪಿದರು, ಎಲ್ಲಿ ನಕ್ಕರು ಎಂದು ಬರೆದುಕೊಳ್ಳಲು ಹೇಳಿ. ಮನೆಗೆ ಬಂದ ಮೇಲೆ ಆ ಪುಟಗಳಿಂದಲೇ ಒಂದು ಆಟ ಹುಟ್ಟಬಹುದು.